ಗುಡ್ಡದ ಕೆರೆಗೆ ಹೊರಟ ಪಲ್ಯವಿಲ್ಲದ ಬುತ್ತಿ

ಕಾಡಿನ ಬಾಯಲ್ಲೇ ಬೋರ್ಡ್ ಇತ್ತು: ‘ಕೆರೆಗಳಿಗೆ ಸುಲಭ ಹಾದಿ’. ಬರೆದವರು ನನ್ನ ಅಕ್ಕನ ಜೊತೆ ನಡೆದವರಲ್ಲ, ಅಷ್ಟು ಖಚಿತ. ಅಕ್ಕ ಪ್ರತಿ ಮರಕ್ಕೂ ಒರಗಿ ನಿಂತು, ಹಾನಗಲ್ಲಿನ ಒಂದೊಂದು ಸುದ್ದಿ ಹೇಳಿ, ಆಮೇಲೆ ಮುಂದಿನ ಮರಕ್ಕೆ ಹೊರಡುವವಳು.

ಹಿರೇಕೆರೂರು ಕಡೆಯ ಈ ಗುಡ್ಡದಲ್ಲಿ ಎರಡು ಕೆರೆಗಳಿವೆ. ಕೆಳಗೊಂದು, ಮೇಲೊಂದು. ಪ್ರತಿವರ್ಷ ಮಳೆ ನಿಂತ ಮೇಲೆ ನಾನು, ನನ್ನ ಹೆಂಡತಿ ಶಾಂತಾ, ಅಕ್ಕ, ಸವಣೂರಿನ ಗೆಳೆಯ ಖಾದರ್ ಹೋಗುತ್ತಿದ್ದೆವು. ಈ ಸಲ ಮೂವರೇ. ಶಾಂತಾ ಬೇಸಿಗೆಯಲ್ಲಿ ತೀರಿಕೊಂಡಳು.

ನಾನು ಬರುವುದಿಲ್ಲ ಎಂದಿದ್ದೆ. ಅವರು ಬಿಡಲಿಲ್ಲ. ಹಾದಿಯಲ್ಲಾದರೂ ಅವಳ ಮಾತು ತೆಗೆದಾರು ಎಂಬ ಆಸೆಯಿಂದ ಹೊರಟೆ. ಮನೆಗೆ ಬಂದವರೆಲ್ಲ ಮೆಕ್ಕೆಜೋಳ, ಮೊಬೈಲ್ ರೀಚಾರ್ಜ್ ಎಂದು ಮಾತಾಡಿ ಚಹಾ ಕುಡಿದು ಹೋಗುತ್ತಾರೆ. ಅವಳ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. (ನನಗೆ ನೋವಾಗಬಾರದಂತೆ.) ಹೆಸರೆತ್ತದಿದ್ದರೆ ನಾನು ಮರೆತುಬಿಡುತ್ತೇನೆಯೇ?

ಈ ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲೇ ಒಳಒಪ್ಪಂದ ಮಾಡಿಕೊಂಡಂತಿತ್ತು.

ತೇಗದ ಮರಗಳ ನಡುವೆ ಒಂದು ಬಂಡೆ. ಪ್ರತಿ ಸಲ ಶಾಂತಾ ಅದರ ಮೇಲೆ ಕುಳಿತು ತನ್ನ ಚಪ್ಪಲಿಗೆ ಬೈಯುತ್ತಿದ್ದಳು. ಖಾದರ್ ಬಂಡೆ ನೋಡಿ ಬಾಯಿ ತೆರೆದ.

“ಇಲ್ಲೇ ಅಲ್ಲೇನ...”

ಅಕ್ಕ ಕೆಮ್ಮಿದಳು.

“...ಮಂಗ್ಯಾ ಭಾಳ ಇರೋದು!” ಎಂದು ಮುಗಿಸಿದ.

ಒಂದು ಮಂಗವೂ ಇರಲಿಲ್ಲ. ಆದರೂ ಕೆಳಗಿನ ಕೆರೆ ದಾಟಿ ಮೇಲಿನ ಕೆರೆ ಮುಟ್ಟುವವರೆಗೆ ಮಂಗಗಳದೇ ಚರ್ಚೆ. ಇಲ್ಲದ ಮಂಗಗಳ ಬಗ್ಗೆ ಇಷ್ಟೊಂದು ಮಾತಾಡಬಹುದು ಎಂದು ಗೊತ್ತಿರಲಿಲ್ಲ.

ಮೇಲಿನ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಬುತ್ತಿಯ ಕೆಲಸ ಮೊದಲಿನಿಂದಲೂ ಹಂಚಿಕೆಯಾಗಿದೆ, ಯಾರೂ ಯಾರನ್ನೂ ಕೇಳುವ ಪದ್ಧತಿ ಇಲ್ಲ. ಅಕ್ಕನದು ಕಡಕ್ ರೊಟ್ಟಿ. ಖಾದರನದು ಚಹಾದ ಜೊತೆ ಮೆಲ್ಲುವ ಸವಣೂರು ಖಾರ. ನನ್ನದು ನೀರು.

ಅಕ್ಕ ಖಾದರನ ಚೀಲ ನೋಡಿದಳು. ಖಾದರ್ ನನ್ನ ಚೀಲ ನೋಡಿದ. ನಾನು ಬಾಟಲಿ ತೋರಿಸಿದೆ.

“ಪಲ್ಯಾ ಎಲ್ಲೈತೋ ತಮ್ಮಾ?”

“ನನ್ನ ಯಾಕ ಕೇಳ್ತಿ? ನೀ ತಂದಿಲ್ಲೇನ?”

“ನಾ ಯಾಕ ತರ್ಲೋ? ಪಲ್ಯಾ ಶಾಂತವ್ವ ತರ್ತಾಳಲ್ಲ!”

ಅಂದವಳೇ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಖಾದರ್ ತಲೆ ಎತ್ತಿ ಮರದಲ್ಲಿ ಮಂಗ ಹುಡುಕತೊಡಗಿದ.

ನನಗೆ ನಗು ಬಂತು. ತಡೆಯಲಾಗಲಿಲ್ಲ.

“ಅಕ್ಕಾ, ಇನ್ನೊಮ್ಮೆ ಹೇಳು.”

“ಏನ?”

“ಅಕಿ ಹೆಸರು.”

ಅಕ್ಕ ಹೇಳಿದಳು, ಮೆಲ್ಲಗೆ. ಖಾದರ್ ಮರ ಬಿಟ್ಟು ನನ್ನತ್ತ ತಿರುಗಿದ.

“ಖರೆ ಹೇಳ್ಲೇನ ದೋಸ್ತ? ಭಾಬಿ ಬದ್ನಿಕಾಯಿ ಪಲ್ಯಾದಾಗಿನ ಎಣ್ಣಿ ಮುಂದ ಈ ಕೆರಿ ಸಣ್ಣದು!”

“ಮತ್ತ ನೀ ಯಾಕ ಮ್ಯಾಲಿಂದ ಮ್ಯಾಲೆ ಹಾಕಿಸ್ಕೋತಿದ್ದಿ?” ಎಂದಳು ಅಕ್ಕ.

“ಬ್ಯಾಡ ಅಂದ್ರ ಬೈತಿದ್ರಲ್ರಿ ಅಕ್ಕಾರ! ಅಂಜಿ ತಿಂತಿದ್ದೆ.”

ಅಲ್ಲಿಂದ ಶುರು. ಅವಳು ಬಸ್ಸಿನಲ್ಲಿ ಗೊರಕೆ ಹೊಡೆದದ್ದು, ಸೀಟಿಗಾಗಿ ಕಂಡಕ್ಟರನ ಜೊತೆ ಜಗಳವಾಡಿದ್ದು, ಗೆದ್ದ ಮೇಲೆ ಅವನಿಗೇ ರೊಟ್ಟಿ ಕೊಟ್ಟದ್ದು. ಒಣ ರೊಟ್ಟಿ ನೀರಿನಲ್ಲಿ ಅದ್ದಿ ತಿನ್ನುತ್ತ ಇಬ್ಬರೂ ನನ್ನ ಹೆಂಡತಿಯನ್ನು ಮನಸಾರೆ ಆಡಿಕೊಂಡರು. ನಾನು ನಗುತ್ತ ಕಣ್ಣು ಒರೆಸಿಕೊಂಡೆ. ಗುಡ್ಡ ಇಳಿದರೂ ಮಾತು ಮುಗಿಯಲಿಲ್ಲ.

ದುಃಖದ ಮನೆಗೆ ಹೋದಾಗ ಹೋದವರ ಬಗ್ಗೆ ಒಳ್ಳೆಯ ಮಾತೇ ಸಿಗಬೇಕೆಂದಿಲ್ಲ. ಬೈದಾದರೂ ಸರಿ, ಅವರ ಹೆಸರು ಹೇಳುತ್ತೀರಾ?