ಭಂಡಾರ ಮುಟ್ಟಿ ಕೊಟ್ಟ ಓಟು

ಪಡಸಾಲೆಯಲ್ಲಿ ಕುಳಿತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ಎದುರು ಮನೆಯ ಅಕ್ಕ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ಸೋಮವಾರದ ಮೇಜು ತಗೀತಾರಂತ ನೋಡವ್ವಾ" ಎಂದಳು.

ಅಕ್ಕನ ಗಂಡ ಸೈನ್ಯದಲ್ಲಿ ನಾಯಕ್ ಆಗಿದ್ದವರು. ನಿವೃತ್ತಿಯಾಗಿ ಊರಿಗೆ ಬಂದ ಮೂರನೇ ವರ್ಷ ಎದೆನೋವಿನಿಂದ ತೀರಿಕೊಂಡರು. ನಮ್ಮ ಮನೆಯವರೂ ಹವಾಲ್ದಾರರಾಗಿ ನಿವೃತ್ತರಾದವರು, ಈಗ ಬ್ಯಾಂಕಿನ ಬಾಗಿಲು ಕಾಯುತ್ತಾರೆ. ಹಗರಿಬೊಮ್ಮನಹಳ್ಳಿಯಲ್ಲಿ ಮಾಜಿ ಸೈನಿಕರದೊಂದು ಸಂಘವಿದೆ, ಅದಕ್ಕೊಂದು ಕೋಣೆ. ಸೈನ್ಯದಲ್ಲಿ ಕ್ಲರ್ಕ್ ಆಗಿದ್ದ ಹಿರಿಯರೊಬ್ಬರು ಪ್ರತಿ ಸೋಮವಾರ ಅಲ್ಲಿ ಮೇಜು ಹಾಕಿಕೊಂಡು ಕುಳಿತು, ಗಂಡ ಸತ್ತ ಹೆಂಗಸರ ಪಿಂಚಣಿ ಕಾಗದ ಬರೆದುಕೊಡುತ್ತಿದ್ದರು.

ಅಕ್ಕನಿಗೆ ಒಬ್ಬಳೇ ಮಗಳು. ವಯಸ್ಸು ಮೂವತ್ತು ದಾಟಿದ್ದರೂ ಬುದ್ಧಿ ಐದು ವರ್ಷದ್ದು, ಮೇಲೆ ಫಿಟ್ಸ್ ಬೇರೆ. ಅಕ್ಕನ ಕಾಲದ ನಂತರ ಪಿಂಚಣಿ ಮಗಳಿಗೆ ಬರಬೇಕಾದರೆ ಅವಳ ಹೆಸರು ಈಗಲೇ ದಾಖಲೆಗೆ ಸೇರಬೇಕು. ಕ್ಲರ್ಕ್ ಆ ಕಾಗದಗಳನ್ನು ಅರ್ಧ ಮುಗಿಸಿದ್ದರು.

ಅದೇ ತಿಂಗಳು ಸಂಘದ ಅಧ್ಯಕ್ಷರ ಚುನಾವಣೆ. ಒಂದು ಕಡೆ ಕ್ಲರ್ಕ್. ಇನ್ನೊಂದು ಕಡೆ ನಮ್ಮವರ ಗೆಳೆಯರೊಬ್ಬರು, ಹಿಮದ ಬೆಟ್ಟದ ಮೇಲೆ ಇವರ ಜೊತೆ ಒಂದೇ ಡೇರೆಯಲ್ಲಿ ಮಲಗಿದವರು. ಸೈನಿಕರ ಮನಸ್ಸು ಎಲ್ಲಿಗೆ ವಾಲುತ್ತದೆಂದು ಹೇಳಬೇಕಿಲ್ಲ. "ಗುಂಡಿನ ಸಪ್ಪಳ ಕೇಳದಾವ ನಮಗ ಅಧ್ಯಕ್ಷ ಆಗಾದು ಹೆಂಗ?" ಎಂದು ಚಹಾದಂಗಡಿಯ ಮಾತು. ಇವರೂ ಅದನ್ನೇ ಅಂದರು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಹಿಂದಿನ ಭಾನುವಾರ ಗೆಳೆಯರು ಬಂದಾಗ ಇವರು ದೇವರ ಮುಂದಿನ ಭಂಡಾರ ತರಿಸಿ, ಮುಟ್ಟಿ, ಹಣೆಗೆ ಹಚ್ಚಿಕೊಂಡು "ನನ್ನ ಓಟು ನಿನಗ" ಎಂದುಬಿಟ್ಟಿದ್ದರು. ಮೈಲಾರಲಿಂಗನ ಅರಿಸಿನ ಮುಟ್ಟಿ ಆಡಿದ ಮಾತು ನಮ್ಮಲ್ಲಿ ತಿರುಗಿಸುವಂಥದ್ದಲ್ಲ. ಗೆದ್ದ ಮೇಲೆ ಏನು ಮಾಡುತ್ತೀರಿ ಎಂದು ಇವರು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಗೆಳೆಯರು ಸಭೆಯಲ್ಲಿ ಹೇಳಿದ್ದು ಈಗ ಅಕ್ಕನ ಕಿವಿಗೆ ಬಿದ್ದಿತ್ತು: ಕೋಣೆಯ ಜಾಗದಲ್ಲಿ ಸೈನಿಕ ಭವನ ಏಳುತ್ತದೆ, ಕಾಗದ ಬೇಕಾದವರು ಜಿಲ್ಲಾ ಕಚೇರಿಗೆ ಹೋಗಲಿ.

"ಬಸ್ಸಿನಾಗ ಇಕಿಗೆ ಫಿಟ್ಸ್ ಬರತೈತಿ. ಮನಿಯಾಗ ಬಿಟ್ಟು ಹೋಗಾಕ ಯಾರದಾರ?" ಎಂದಳು ಅಕ್ಕ. "ನಾ ಹ್ವಾದ ಮ್ಯಾಲೆ ಇಕಿ ಗತಿ ಏನವ್ವಾ?"

ಸಂಜೆ ಇವರಿಗೆ ಹೇಳಿದೆ. ಬೂಟು ಬಿಚ್ಚುತ್ತಿದ್ದವರು ಹಾಗೇ ಕುಳಿತರು.

"ಆಣಿ ಮಾಡೀನಲ್ಲ."

"ಯಾರು ಮಾಡು ಅಂದಿದ್ರು?"

"ಭಂಡಾರದ ತಟ್ಟಿ ತಂದಾಕಿ ನೀನ."

ನಿಜ. ಬೆಳಿಗ್ಗೆ ಪೂಜೆ ಮಾಡುವಾಗ ಹೊಳೆಯಿತು: ಭಂಡಾರ ಒಬ್ಬರನ್ನೇ ಕಟ್ಟುವುದಿಲ್ಲವಲ್ಲ.

ಆ ದಿನ ಗೆಳೆಯರು ಕರಪತ್ರ ಹಿಡಿದು ಬಂದರು. ಚಹಾ ಕೊಟ್ಟೆ, ಪಕ್ಕದಲ್ಲೇ ಭಂಡಾರದ ತಟ್ಟೆ ಇಟ್ಟೆ.

"ಇದೇನು ತಂಗಿ, ಕೋರ್ಟ್ ಮಾರ್ಷಲ್ ಮಾಡ್ತಿಯೇನು?"

"ಇಲ್ರಿ ಅಣ್ಣಾರ. ಇವ್ರು ಮುಟ್ಯಾರ, ನೀವೂ ಮುಟ್ರಿ. ಗೆದ್ರೂ ಸೋಮವಾರದ ಮೇಜು ಇರತೈತಿ ಅನ್ರಿ, ಸಾಕು."

ನಗುತ್ತಲೇ ಕೈ ಚಾಚಿದರು. ಬೆರಳು ತಟ್ಟೆಯ ಹತ್ತಿರ ಬಂದು ನಿಂತಿತು. "ಆ ರೂಮು ಕೆಡವಿದ್ರನ ಭವನ ಏಳಾದು. ಎರಡು ವರ್ಷ ಮೇಜೂ ಇರಂಗಿಲ್ಲ, ಕುರ್ಚೀನೂ ಇರಂಗಿಲ್ಲ. ಇದರ ಮುಂದ ಸುಳ್ಳು ಹೆಂಗ ಹೇಳ್ಲಿ?" ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಇವರ ಕಡೆ ತಿರುಗಿ, "ಲೇ, ನಿನ್ನ ಮಾತು ನಿನಗ ವಾಪಸ್. ನಾ ಸೋತ್ರ ನಿಮ್ಮ ಮನಿ ಚಾ ಕುಡಿಯಂಗಿಲ್ಲ" ಎಂದರು.

"ಬೆಟ್ಟದ ಮ್ಯಾಲೆ ಸೀಮೆಎಣ್ಣಿ ವಾಸನಿ ಚಾ ಮೂರು ತಿಂಗಳು ಕುಡದಾವ ನೀನು. ನಮ್ಮ ಚಾ ಬಿಡ್ತಿಯೇನಲೇ?" ಎಂದರು ಇವರು.

ಇಬ್ಬರೂ ನಕ್ಕರು, ಆದರೆ ಮೊದಲಿನ ಹಾಗಲ್ಲ. ಅವರು ಸುಳ್ಳು ಆಣೆ ಮಾಡಲಿಲ್ಲವಲ್ಲ, ಅದು ದೇವರು ನಡೆಸಿದ್ದು ಎಂದುಕೊಂಡೆ. ಮಾತು ವಾಪಸಾದರೂ ಮುಟ್ಟಿದ್ದು ಮುಟ್ಟಿದ್ದೇ, ಹಳದಿ ಬಟ್ಟೆಯಲ್ಲಿ ತಪ್ಪುಗಾಣಿಕೆ ಕಟ್ಟಿ ದೇವರ ಜಗುಲಿಯ ಮೇಲಿಟ್ಟೆ. ಇವರು ಕ್ಲರ್ಕ್‌ಗೆ ಓಟು ಹಾಕಿದರು.

ಗೆಳೆಯರೇ ಗೆದ್ದರು. ಒಂದು ಓಟು ಆಚೀಚೆ ಆದದ್ದರಿಂದ ಏನೂ ಆಗಲಿಲ್ಲ. ಆದರೆ ಸೋಮವಾರ ಬಂದಾಗ ಕ್ಲರ್ಕ್ ತಮ್ಮ ಮನೆಯ ಕಟ್ಟೆಯ ಮೇಲೆ ಸ್ಟೂಲು ಹಾಕಿಕೊಂಡು ಕುಳಿತಿದ್ದರು. "ಸೋತೋನು ಮನಿಯಾಗ ಕುಂದ್ರಬೇಕಲ್ರಿ, ಕುಂತೀನಿ" ಎಂದು ಪೆನ್ನು ತೆಗೆದರು. ಆ ಮನೆ ನಮ್ಮ ಓಣಿಗೆ ಎರಡೇ ಓಣಿ ಆಚೆ. ಮಗಳ ಕೈ ಹಿಡಿದು ನಡೆದುಕೊಂಡೇ ಹೋಗಿ ಬಂದಳು ಅಕ್ಕ.

ಕಾಗದಕ್ಕೆ ಸಂಘದ ಅಧ್ಯಕ್ಷರ ಸಹಿ ಬೇಕಿತ್ತು. ಇವರೇ ಒಯ್ದರು. ಗೆಳೆಯರು ಓದದೆ ಸಹಿ ಮಾಡಿದರಂತೆ. "ಓದಾಂಗಿಲ್ಲೇನು?" ಎಂದು ಇವರು ಕೇಳಿದ್ದಕ್ಕೆ, "ಅಂವ ಬರದದ್ದನ್ನ ನಾ ಏನು ತಿದ್ದಲಿ?" ಎಂದರಂತೆ.

ಮಳೆಗಾಲ ಮುಗಿಯುವ ಹೊತ್ತಿಗೆ ಲಕೋಟೆ ಬಂತು. ಇವರು ಅಕ್ಕನ ಬಾಗಿಲಲ್ಲಿ ನಿಂತೇ ಓದಿದರು, ಮಗಳ ಹೆಸರು ಬಂದಲ್ಲಿ ಬೆರಳಿಟ್ಟು ತೋರಿಸಿದರು. ಅಕ್ಕ ಎರಡು ಸಲ ಓದಿಸಿಕೊಂಡಳು. ಮಗಳು ಲಕೋಟೆಯ ಅಂಚೆಚೀಟಿ ಕೀಳುತ್ತಿದ್ದಳು, ಯಾರೂ ಬೇಡವೆನ್ನಲಿಲ್ಲ.

ಅಷ್ಟರಲ್ಲಿ ನಲ್ಲಿ ಬಂತು. ನಾನು ಕೊಡ ತರಲು ಒಳಗೆ ಹೋದೆ.