ಮೂರನೆಯ ಕೆಂಪು ಚೀಟಿ

ಇಂಡಿಯಾನಾ ದಾಟುವಾಗ ಹಿಮ ಬೀಳಬಹುದಿತ್ತು. ಪಕ್ಕದ ಲೇನಿನಲ್ಲಿ ದೊಡ್ಡ ಟ್ರಕ್ಕೊಂದು ಅಡ್ಡ ತಿರುಗಿ ನಿಲ್ಲಬಹುದಿತ್ತು. ಮೊನ್ನೆ ತಾನೇ ಹಾಕಿಸಿದ ಹೊಸ ಟೈರೇ ಪಂಕ್ಚರ್ ಆಗಬಹುದಿತ್ತು. ಇಲಿನಾಯ್ಸಿನ ಬೋಲಿಂಗ್‌ಬ್ರೂಕಿನ ಮನೆಯಲ್ಲಿ ಒಲೆ ಆರಿಸದೆ ಬಂದಿರಬಹುದಿತ್ತು. ಆರಿಸಿದ್ದೇನೆ ಎಂಬುದಕ್ಕೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡಿದ್ದೆ, ಆದರೆ ಅದು ಹಿಂದಿನ ಸಲದ ಫೋಟೋ ಇರಬಹುದಿತ್ತು. ಮಿಷಿಗನ್ನಿನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ ಎಂಬುದನ್ನು ಮರೆತು ತಡವಾಗಬಹುದಿತ್ತು. ಮರೆಯಬಾರದೆಂದು ಆ ಗಂಟೆಯನ್ನು ಎರಡು ಸಲ ಲೆಕ್ಕ ಹಿಡಿದು ಕತ್ತಲಿರುವಾಗಲೇ ಹೊರಟಿದ್ದೆ. ಬಾಲ್ಯದ ನೆರೆಮನೆಯ ರೆನಾತೊ ಅಂಕಲ್ ನನ್ನ ಗುರುತು ಹಿಡಿಯದೇ ಇರಬಹುದಿತ್ತು. ಹಿಡಿಯಬಹುದಿತ್ತು, ಅದು ಇನ್ನೂ ಕಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ನಾನು ತಲುಪುವುದಕ್ಕೆ ಮೊದಲೇ ಅವರು ಹೋಗಿಬಿಡಬಹುದಿತ್ತು. "ಮಾಮ್, ಜಸ್ಟ್ ಡ್ರೈವ್," ಎಂದಿದ್ದಳು ಮಗಳು ಬಾಗಿಲಲ್ಲಿ ನಿಂತು. ಅವಳಿಗೆ ಗೊತ್ತಿಲ್ಲ, ಚಿಂತೆ ಮಾಡುತ್ತಲೇ ಡ್ರೈವ್ ಮಾಡಿದರೆ ಮಾತ್ರ ನನ್ನ ಕಾರು ನೆಟ್ಟಗೆ ಹೋಗುತ್ತದೆ.

ಪಕ್ಕದ ಸೀಟಿನಲ್ಲಿ ನನ್ನ ಕೈಚೀಲವಿತ್ತು, ಅದರೊಳಗೆ ಅಂಗೈಯಗಲದ ಒಂದು ಕೆಂಪು ಚೀಟಿ. ಮೂವತ್ತೈದು ವರ್ಷಗಳ ಹಿಂದೆ, ಹನ್ನೊಂದರ ಹುಡುಗಿಯಾಗಿ, ಅದನ್ನು ನಾನು ರೆನಾತೊ ಅಂಕಲ್‌ಗೆ ಕೊಡಬೇಕಿತ್ತು. ಕೊಡಲಿಲ್ಲ. ಕಾಲುಚೀಲದೊಳಗೆ ಬಚ್ಚಿಟ್ಟೆ. ಅವರು ಕಣ್ಣು ಮುಚ್ಚುವ ಮುಂಚೆ ಆ ಮಾತನ್ನು ಅವರಿಗೆ ಹೇಳಬೇಕೆಂದೇ ಹೊರಟಿದ್ದೆ. ಅವತ್ತು ನನ್ನ ಕಣಕಾಲಿಗೆ ಅವರ ಹೆಂಡತಿ ಪಿಯಾ ಆಂಟಿ ತಿಕ್ಕಿದ್ದ ಎಣ್ಣೆಯ ವಾಸನೆ ಚೀಟಿಗೆ ಹತ್ತಿಬಿಟ್ಟಿತ್ತು: ಆಲಿವ್ ಎಣ್ಣೆಯನ್ನು ಬಿಸಿ ಮಾಡಿ ಅದಕ್ಕೆ ಕರ್ಪೂರ ಕರಗಿಸಿದ ಎಣ್ಣೆ. ಇಷ್ಟು ವರ್ಷಕ್ಕೆ ಕರ್ಪೂರ ಎಲ್ಲಿ ಉಳಿದೀತು? ಮಗಳು ಮೂಸಿ ನೋಡಿ "ಓಲ್ಡ್ ಪೇಪರ್" ಎಂದಿದ್ದಳು. ನನಗೆ ಮಾತ್ರ, ಕಾರಿನ ಹೀಟರು ಬಿಸಿಯಾದಂತೆ, ಆ ವಾಸನೆ ಬಂದೇ ಬಂತು. ಅದರ ಹಿಂದೆ ಇಡೀ ಮನೆ ಬಂತು.

ಆಗ ನಾವು ಮಿಷಿಗನ್ನಿನ ವಿಕ್ಸಮ್‌ನಲ್ಲಿದ್ದೆವು. ಅಪ್ಪ ಅಲ್ಲೇ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರಲ್ಲಿ ಇನ್ಸ್‌ಪೆಕ್ಟರ್. ತಯಾರಾದ ಮಾಲನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಪಕ್ಕಕ್ಕೆ ಎಸೆಯುವುದು ಅವರ ಕೆಲಸ. ನಾವು ಮೈಸೂರು ಬಿಟ್ಟು ಬಂದಾಗ ನನಗೆ ಆರು ವರ್ಷ. ಪಕ್ಕದ ಮನೆಯವರು ಇಟಲಿಯವರು. ಸಂಜೆ ಅವರ ಕಿಟಕಿಯಿಂದ ಕರ್ಪೂರದ ವಾಸನೆ ಬಂದಾಗಲೆಲ್ಲ ಅಮ್ಮ ಗಾಬರಿ, ಸಂತೋಷ ಎರಡೂ ಬೆರೆತ ದನಿಯಲ್ಲಿ, "ಅವರ ಮನೇಲಿ ಮಂಗಳಾರತಿ ಆಗ್ತಿದೆ ಕಣ್ರೀ," ಎನ್ನುತ್ತಿದ್ದಳು. ಆಗುತ್ತಿದ್ದದ್ದು ಅಂಕಲ್‌ರ ಮೊಣಕಾಲಿನ ಪೂಜೆ. ವೃತ್ತಿಯಿಂದ ಅವರು ಮೊಸಾಯಿಕ್ ನೆಲ ಹಾಕುವವರು. ತಮ್ಮ ಬೇಸ್‌ಮೆಂಟಿಗೂ ಅವರೇ ಹಾಕಿದ್ದರು, ಬಿಳಿ ಹಸಿರು ಕಂದು ಚೂರುಗಳನ್ನು ಸೇರಿಸಿ, ಕನ್ನಡಿಯಂತೆ ತೇದು. ಅಮ್ಮ ಮೊದಲ ಸಲ ಮೆಟ್ಟಿಲಿಳಿದವಳು ಚಪ್ಪಲಿ ಬಿಟ್ಟು, ಆ ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ನಿಂತುಬಿಟ್ಟಳು. "ನಮ್ಮನೆ ಹಜಾರದ ಹಾಗೇ ಇದೆಯಲ್ಲೇ," ಎಂದು ನನಗೆ ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಿಯಾ ಆಂಟಿಗೆ ಏನು ಅರ್ಥವಾಯಿತೋ, ಒಲೆಯ ಮೇಲೆ ಗೊಳಗೊಳ ಎನ್ನುವ ತಮ್ಮ ಪುಟ್ಟ ಪಾತ್ರೆಯಿಂದ ಕಪ್ಪು ಕಾಫಿ ತಂದು ಕೈಗಿಟ್ಟರು. ಅಮ್ಮ ಅದಕ್ಕೆ ಹಾಲು ಕೇಳಿದಳು, ಅರ್ಧ ಲೋಟ. ಅಲ್ಲಿಂದ ಮುಂದೆ ಅವರ ಅಡುಗೆಮನೆ ಯಾವುದು, ನಮ್ಮದು ಯಾವುದು ಎಂದು ನನಗೆ ಸರಿಯಾಗಿ ತಿಳಿಯುತ್ತಿರಲಿಲ್ಲ.

ನೆಲ ಹಾಕುವುದಕ್ಕೂ ಮುಂಚೆ ರೆನಾತೊ ಅಂಕಲ್ ನಡೆಯುವವರು. ನಗಬೇಡಿ, ನಡಿಗೆಯಲ್ಲೂ ಪಂದ್ಯವಿದೆ. ಅವರು ತಮ್ಮ ದೇಶಕ್ಕೇ ಮೊದಲಿಗರಾಗಿದ್ದವರು. ನಿಯಮ ಎರಡೇ. ಒಂದು ಪಾದ ನೆಲ ಬಿಡುವ ಮುಂಚೆ ಇನ್ನೊಂದು ನೆಲ ಮುಟ್ಟಿರಬೇಕು. ಮುಂದಿಟ್ಟ ಕಾಲಿನ ಮಂಡಿ ಮಡಿಸಬಾರದು. ದಾರಿಯುದ್ದಕ್ಕೂ ತೀರ್ಪುಗಾರರು ನಿಂತು ಬರಿಗಣ್ಣಿನಲ್ಲಿ ಪಾದಗಳನ್ನು ನೋಡುತ್ತಾರೆ. ತಪ್ಪು ಕಂಡವರು ಕೆಂಪು ಚೀಟಿ ಕೊಡುತ್ತಾರೆ. ಮೂವರು ಕೊಟ್ಟರೆ ಆಟದಿಂದ ಹೊರಗೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಹೊರದೇಶದ ದೊಡ್ಡ ಪಂದ್ಯವೊಂದರಲ್ಲಿ, ಇಪ್ಪತ್ತು ಕಿಲೋಮೀಟರಿನಲ್ಲಿ ಹದಿನೆಂಟನ್ನು ಎಲ್ಲರಿಗಿಂತ ಮುಂದೆ ನಡೆದ ಮೇಲೆ, ಅವರಿಗೆ ಮೂರನೆಯ ಚೀಟಿ ಬಿತ್ತು. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯನ್ನು ತಮ್ಮಂತೆಯೂ ಮೆಣಸಿನ ಡಬ್ಬಿಯನ್ನು ಹಿಂದಿನವನಂತೆಯೂ ನಡೆಸಿ ಅವರು ಅದನ್ನು ಹೇಳುತ್ತಿದ್ದರು. ಪ್ರತಿ ಸಲವೂ ಉಪ್ಪಿನ ಡಬ್ಬಿ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಪಿಯಾ ಆಂಟಿ ಎದ್ದು ತಟ್ಟೆ ತೊಳೆಯಲು ಹೋಗುತ್ತಿದ್ದರು. ಆ ಮೂರನೆಯ ಚೀಟಿಯ ಮೇಲೆ ಅಂಕಲ್ ಮತ್ತೆ ಪಂದ್ಯಕ್ಕೆ ಇಳಿಯಲಿಲ್ಲ. ಡೆಟ್ರಾಯ್ಟಿನಲ್ಲಿ ನೆಲ ಹಾಕುತ್ತಿದ್ದ ಸೋದರ ಸಂಬಂಧಿಯ ಬಳಿಗೆ ಬಂದು ಮಂಡಿಯೂರಿ ಕೆಲಸ ಕಲಿತರು.

ಆದರೂ ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಸುತ್ತು ಅವರು ನಡೆಯುತ್ತಿದ್ದರು, ಸೊಂಟ ತಿರುಗಿಸುತ್ತ, ಮೊಳಕೈ ಬೀಸುತ್ತ. ಬೇರೆ ಮಕ್ಕಳು ಹಿಂದಿನಿಂದ ಬಾತುಕೋಳಿಯಂತೆ ನಡೆದು ಅಣಕಿಸುತ್ತಿದ್ದರು. ನಾನು ಅಣಕಿಸಲಿಲ್ಲ; ಅಂಕಲ್ ಎಡವಿ ಬಿದ್ದರೆ ಏನು ಗತಿ ಎಂದು ಅವರ ಕಾಲನ್ನೇ ನೋಡುತ್ತಿದ್ದೆ. ಅಂಥ ಚಿಂತೆಯನ್ನು ಪ್ರತಿಭೆ ಎಂದು ತಿಳಿದ ಮನುಷ್ಯ ನನ್ನ ಬದುಕಿನಲ್ಲಿ ಅವರೊಬ್ಬರೇ. ನನ್ನನ್ನು ಜಡ್ಜ್ ಎಂದು ಕರೆದರು, ಟೇಬಲ್ ಟೆನಿಸ್ ಬ್ಯಾಟಿಗೆ ಹಳದಿ ಬಣ್ಣ ಬಳಿದು ಅದರ ಮೇಲೆ ಅಲೆಯಂಥ ಒಂದು ಗೆರೆ ಎಳೆದುಕೊಟ್ಟರು. ಎರಡೂ ಪಾದ ಗಾಳಿಯಲ್ಲಿ ಕಂಡರೆ ಅದನ್ನು ಎತ್ತಿ ಎಚ್ಚರಿಸಬೇಕು. ಹುಲ್ಲಿನ ಮೇಲೆ ಬೋರಲು ಮಲಗಿ, ಗಲ್ಲ ನೆಲಕ್ಕೆ ತಾಗಿಸಿ ನೋಡುವುದನ್ನು ಕಲಿಸಿದರು. "ಮುಖ ಸುಳ್ಳು ಹೇಳತ್ತೆ, ಜಡ್ಜ್. ಕಾಲು ಹೇಳಲ್ಲ," ಎಂದು ತಮ್ಮ ಅರ್ಧ ಇಟಲಿಯ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. "ಕಣ್ಣಿಗೆ ಕಾಣದೇ ಇದ್ರೆ ಕಿವಿಗೆ ಕೇಳಿಸತ್ತೆ. ಓಡೋನ ಹೆಜ್ಜೆ ಮಧ್ಯ ಒಂದು ಖಾಲಿ ಇರತ್ತೆ. ಕೇಳು."

ಐವತ್ತು ತುಂಬಿದ ದಿನ ಅವರಿಗೆ ಬೇಕಾಗಿದ್ದದ್ದು ಕೇಕಲ್ಲ. ಅದೇ ಇಪ್ಪತ್ತು ಕಿಲೋಮೀಟರನ್ನು ಮೂವರು ತೀರ್ಪುಗಾರರ ಎದುರು ಒಮ್ಮೆ ಮುಗಿಸಬೇಕು. ನಮ್ಮ ಬೀದಿ ಸುತ್ತಿದರೆ ಒಂದು ಮೈಲಿ, ಹನ್ನೆರಡೂವರೆ ಸುತ್ತು. ಅಪ್ಪ ಕಾರಿನ ಮೀಟರು ನಂಬದೆ ಟೇಪು ಹಿಡಿದು ಅಳೆದರು. ಕೆಂಪು ಚೀಟಿಗೆ ಅಮ್ಮ ಮೈಸೂರಿನಿಂದ ಬಂದ ಮದುವೆ ಪತ್ರಿಕೆಗಳನ್ನು ಕತ್ತರಿಸಿದಳು. ಒಂದರಲ್ಲಿ ಚಿನ್ನದ ಬಣ್ಣದ ಗಣಪತಿಯ ಸೊಂಡಿಲು, ಒಂದರಲ್ಲಿ ಅರ್ಧ ಮುಹೂರ್ತ, ನನ್ನದರಲ್ಲಿ 'ಸಕುಟುಂಬ ಸಪರಿವಾರ' ಎಂಬಷ್ಟು. ಅಪ್ಪ ಒಂದು ತಿರುವಿನಲ್ಲಿ, ಪಿಯಾ ಆಂಟಿ ಗೇಟಿನಲ್ಲಿ, ನಾನು ದೂರದ ಮೇಲ್‌ಬಾಕ್ಸಿನ ಬಳಿ ಹುಲ್ಲಿನಲ್ಲಿ. ಅವರ ಮಗಳು ಮಾರ್ತಾ ಪ್ರತಿ ಸುತ್ತಿನ ಸಮಯವನ್ನು ಹಾಳೆಯಲ್ಲಿ ಬರೆಯುತ್ತಿದ್ದಳು.

ಎಂಟು ಸುತ್ತು ಅವರು ನೀರಿನಂತೆ ಹರಿದರು. ಒಂಬತ್ತನೆಯದರಲ್ಲಿ ಅಪ್ಪ ಚೀಟಿ ಕೊಟ್ಟರು. ಅಮ್ಮ ರೇಗಿದ್ದು ನನ್ನ ಮೂಲೆಯವರೆಗೂ ಕೇಳಿಸಿತು: "ರೀ, ಹುಟ್ಟಿದಬ್ಬದ ದಿನ ಆ ಮನುಷ್ಯನಿಗೆ ಹೀಗೆ ಮಾಡೋದಾ?" "ಮಂಡಿ ಮಡಿಸ್ದ ಕಣೇ. ಮಡಿಸಿದ್ದು ಮಡಿಸಿದ್ದೇ. ಫ್ಯಾಕ್ಟರೀಲಿ ಬಿಡ್ತೀನಾ, ಇಲ್ಲಿ ಬಿಡಕ್ಕೆ?" ಹತ್ತನೆಯದರಲ್ಲಿ ಪಿಯಾ ಆಂಟಿ ಕೊಟ್ಟರು. "ನಡೀತಾನೆ ಅಂತ ಮದುವೆಯಾದೆ. ಹಾರ್ತಾನೆ ಅಂತ ಯಾರೂ ಹೇಳಿರ್ಲಿಲ್ಲ," ಎಂದು ನಕ್ಕರಂತೆ, ಆಮೇಲೆ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡರಂತೆ. ಹನ್ನೊಂದನೆಯ ಸುತ್ತಿನಲ್ಲಿ ಅಂಕಲ್ ನನ್ನ ಕಡೆಗೆ ಬಂದರು. ತುಟಿ ಬಿಳಿಚಿತ್ತು. ನನ್ನ ಗಲ್ಲ ನೆಲದ ಮೇಲಿತ್ತು. ಅವರ ಹಳೆಯ ಬಿಳಿ ಬೂಟುಗಳ ಕೆಳಗೆ ಬೆಳಕು ಕಂಡೆ. ಒಂದರ ಕೆಳಗಲ್ಲ, ಎರಡರ ಕೆಳಗೂ. ಆಚೆ ಬದಿಯ ಹಳದಿ ಎಲೆಗಳು ಕಾಣುವಷ್ಟು. ಒಂದು ಸಲವಲ್ಲ, ಮೂರು ಹೆಜ್ಜೆ. ಕೈ ಚೀಟಿಯ ಮೇಲೆ ಹೋಯಿತು. ಉಪ್ಪಿನ ಡಬ್ಬಿ ನೆನಪಾಯಿತು. ಚೀಟಿಯನ್ನು ಕಾಲುಚೀಲದೊಳಕ್ಕೆ ತುರುಕಿದೆ.

ಅವರು ಮುಗಿಸಿದರು. ಅಮ್ಮ ಆರತಿ ಎತ್ತಿದಳು, ಪಿಯಾ ಆಂಟಿ ಗೇಟಿಗೆ ಒರಗಿ ಅತ್ತರು, ಅಪ್ಪ ಕೈಕುಲುಕಿ ಕ್ಷಮೆ ಕೇಳದೆ ಅಭಿನಂದಿಸಿದರು. ಎಲ್ಲ ಮುಗಿದ ಮೇಲೆ ಬೇಸ್‌ಮೆಂಟಿನ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ ಕುಳಿತ ಅಂಕಲ್ ನನ್ನನ್ನು ಕರೆದರು. "ಜಡ್ಜ್, ನಿನಗೇನಾದ್ರೂ ಕಾಣಿಸ್ತಾ?" "ಇಲ್ಲ, ಅಂಕಲ್." ಅವರು ನನ್ನ ಮುಖ ನೋಡಲಿಲ್ಲ. ತುಂಬ ಹೊತ್ತು ನನ್ನ ಕಾಲನ್ನೇ ನೋಡಿದರು. ಸುಸ್ತಾಗಿದೆ, ಪಾಪ, ಎಂದುಕೊಂಡೆ. ಮಾರ್ತಾ ಬರೆದ ಹಾಳೆ ಚೌಕಟ್ಟಿನೊಳಗೆ ಅವರ ಅಡುಗೆಮನೆಯ ಗೋಡೆ ಏರಿತು. ಆ ಕೋಣೆಯಲ್ಲಿ ಆಮೇಲೆ ಸಾವಿರ ಸಲ ಉಂಡಿದ್ದೇನೆ. ಆ ಗೋಡೆಯ ಕಡೆ ಮುಖ ಮಾಡಿ ಒಮ್ಮೆಯೂ ಕೂರಲಿಲ್ಲ.

ನಿಮಗೂ ಇಂಥ ಒಂದು ಮನೆ ಇದ್ದೀತು: ನಿಮ್ಮದಲ್ಲದ, ಆದರೆ ಬಾಗಿಲು ತಟ್ಟದೆ ಒಳಗೆ ಹೋಗುತ್ತಿದ್ದ ಮನೆ. ಹಾಗಿದ್ದರೆ ಅದು ಹೇಗೆ ಹೋಗುತ್ತದೆಂದು ನಾನು ಹೇಳಬೇಕಿಲ್ಲ. ಅಪ್ಪ ಹೋದರು. ಅಮ್ಮನನ್ನು ನಾನು ಇಲಿನಾಯ್ಸಿಗೆ ಕರೆತಂದೆ. ಅರೋರಾದ ಗುಡಿಯ ನುಣುಪು ನೆಲದ ಮೇಲೆ ಬರಿಗಾಲಿಟ್ಟಾಗಲೆಲ್ಲ "ರೆನಾತೊ ಹಾಕಿದ್ದೇ ಚೆನ್ನಾಗಿತ್ತು," ಎನ್ನುತ್ತಿದ್ದಳು, ಆಮೇಲೆ ಅವಳೂ ಹೋದಳು. ಪಿಯಾ ಆಂಟಿ ಹೋದದ್ದು ಎರಡು ವಾರ ತಡವಾಗಿ ತಿಳಿಯಿತು. ಕಳೆದ ವರ್ಷ ಆ ಮನೆ ಮಾರಾಟವಾಯಿತು. ಕೊಂಡವರು ಅದನ್ನು ನವೀಕರಿಸಿ ಮತ್ತೆ ಮಾರಲಿಟ್ಟಾಗ ಇಂಟರ್‌ನೆಟ್ಟಿನಲ್ಲಿ ಫೋಟೋ ನೋಡಿದೆ. ಬೇಸ್‌ಮೆಂಟಿನಲ್ಲಿ ಮೊಸಾಯಿಕ್ ಇರಲಿಲ್ಲ. ಬೂದು ಬಣ್ಣದ ಪ್ಲಾಸ್ಟಿಕ್ ಹಲಗೆಗಳು ಈ ತುದಿಯಿಂದ ಆ ತುದಿಯವರೆಗೆ.

ಆಮೇಲೆ ಮಾರ್ತಾಳ ಫೋನು. "ಅಪ್ಪ ಇನ್ನು ಹೆಚ್ಚು ದಿನ ಇರಲ್ಲ. 'ಜಡ್ಜ್ ಬರ್ಲಿ' ಅಂತಿದಾನೆ."

ನರ್ಸಿಂಗ್ ಹೋಮಿನ ಬಾಗಿಲಲ್ಲೇ ಅವಳು ಕಾಯುತ್ತಿದ್ದಳು. ತಬ್ಬಿಕೊಂಡು, ಚೌಕಟ್ಟಿನ ಆ ಹಾಳೆಯನ್ನು ನನ್ನ ಕೈಗಿಟ್ಟಳು. "ಇದು ನಿನ್ಗೇ ಸೇರ್ಬೇಕಂತೆ. ಕೊನೇ ರೂಮು, ಎದ್ದಿದಾನೆ, ಹೋಗು." ಮೂವತ್ತೈದು ವರ್ಷದ ಮೇಲೆ ಮೊದಲ ಸಲ ಆ ಹಾಳೆಯನ್ನು ನೋಡಿದೆ. ಮಾರ್ತಾಳ ದುಂಡಗಿನ ಅಂಕಿಗಳು, ಒಂದರ ಕೆಳಗೆ ಒಂದು. ಹನ್ನೊಂದನೆಯ ಸುತ್ತಿನ ಎದುರು ಬೇರೆ ಕೈಯ ಬರಹ: ಪುಟ್ಟ ಅಲೆಯಂಥ ಒಂದು ಗೆರೆ, ನನ್ನ ಹಳದಿ ಬ್ಯಾಟಿನ ಮೇಲೆ ಇದ್ದಂಥದ್ದೇ. ಹಾಳೆಯ ಕೊನೆಯಲ್ಲಿ ಒಟ್ಟು ಸಮಯ ಬರೆಯುವ ಜಾಗ ಖಾಲಿ. ನಾನು ಕೊಡದ ಚೀಟಿಯನ್ನು ಅವರೇ ತಮಗೆ ಕೊಟ್ಟುಕೊಂಡು, ನಮ್ಮೆಲ್ಲರ ಊಟದ ಎದುರೇ ತೂಗುಹಾಕಿದ್ದರು, ನನ್ನ ಸುಳ್ಳಿಗೆ ನೋವಾಗದ ಹಾಗೆ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಉದುರಿಹೋಯಿತು. ಆ ಉದ್ದ ಕಾರಿಡಾರಿನಲ್ಲಿ ಮೊದಲು ನಡೆದೆ. ಆಮೇಲೆ ನಡೆಯಲಿಲ್ಲ.

ಕೋಣೆಯಲ್ಲಿ ಅಂಕಲ್ ಕಣ್ಣು ಮುಚ್ಚಿದ್ದರು, ಹೊದಿಕೆಯ ಕೆಳಗೆ ಇದ್ದಾರೋ ಇಲ್ಲವೋ ಎನ್ನುವಷ್ಟು ತೆಳ್ಳಗೆ. ಕಣ್ಣು ತೆರೆಯದೆಯೇ ಕೈ ಮುಂದೆ ಚಾಚಿದರು. ನಾನು ಕೈಚೀಲದಿಂದ ಚೀಟಿ ತೆಗೆದು ಆ ಅಂಗೈಯಲ್ಲಿಟ್ಟೆ. ಬೆರಳಿನಿಂದ ಅದರ ಅಂಚು ಸವರಿದರು, ಮೂಗಿನ ಹತ್ತಿರ ಹಿಡಿದರು. "ಪಿಯಾ," ಎಂದರು. ಆಮೇಲೆ ಕಣ್ಣು ಬಿಟ್ಟು, ಚೀಟಿಯನ್ನು ಮೇಲೆತ್ತಿ ನನಗೆ ತೋರಿಸಿದರು.

"ಎರಡೂ ಕಾಲು, ಜಡ್ಜ್," ಎಂದರು. "ಕೇಳಿಸ್ತು."

ಎರಡು ದಿನಕ್ಕೆ ಅವರು ಹೋದರು. ಅವರಿಗೆ ಕೊನೆಯದಾಗಿ ತೊಡಿಸಿದ ಕೋಟಿನ ಜೇಬಿನಲ್ಲಿ 'ಸಕುಟುಂಬ ಸಪರಿವಾರ'ವನ್ನು ಮಾರ್ತಾ ಇಟ್ಟಳು. ನಾನು ಮನೆಗೆ ಮರಳಿದೆ. ಹಿಮ ಬಿದ್ದಿರಲಿಲ್ಲ, ಟೈರು ಗಟ್ಟಿಯಾಗಿತ್ತು, ಒಲೆ ಆರಿಯೇ ಇತ್ತು, ಗಂಟೆಯ ಲೆಕ್ಕವೂ ಸರಿ ಬಂದಿತ್ತು, ಅವರು ಗುರುತು ಹಿಡಿದಿದ್ದರು. ತಪ್ಪಿದ್ದು ಒಂದೇ: ಆ ಕಾರಿಡಾರಿನ ಕೊನೆಯಲ್ಲಿ, ಬಾಗಿಲು ಇನ್ನೂ ಹತ್ತಡಿ ಇರುವಾಗ, ನನ್ನ ಎರಡು ಪಾದವೂ ನೆಲ ಬಿಟ್ಟಿದ್ದವು.