ಅಕ್ಕನ ಹೆಸರಿನ ಹೋಟೆಲು

ಭಾವನಿಗೆ ಅಕ್ಕನ ಹೆಸರು ನೆನಪಾದದ್ದು ಕೋರ್ಟಿನ ನೋಟೀಸು ಬಂದ ಮೇಲೆ. ಅಲ್ಲಿಯವರೆಗೂ ಅವಳು ಬರೀ ‘ಇವಳೇ’. ನಾನೂ ಅವನಿಗೆ ಬಹುವಚನ ಹಚ್ಚುವುದನ್ನು ಬಿಟ್ಟು ಬಹಳ ಕಾಲವಾಯಿತು.

ಉಡುಪಿ ಕಡೆಯಿಂದ ಮದ್ರಾಸಿಗೆ ಬಂದು ಹೋಟೆಲು ನಡೆಸಿದ ಮನೆತನ ಭಾವನದು. ಅಲ್ಲಿನ ವೇಲಚೇರಿಯ ಹೋಟೆಲನ್ನು ಅವನೇ ಕಟ್ಟಿದ್ದ. ಆಮೇಲೆ ಪಾಲುದಾರನೊಬ್ಬನನ್ನು ಸೇರಿಸಿಕೊಂಡು ಇನ್ನೊಂದು ತೆರೆದ, ಅವನ ಬಂಡವಾಳ ನುಂಗಿ ಕೈಯೆತ್ತಿದ. ಪಾಲುದಾರ ಹೈಕೋರ್ಟಿಗೆ ಹೋದ. ನಿನ್ನ ಆಸ್ತಿ ಏನೇನಿದೆ, ಪ್ರಮಾಣ ಮಾಡಿ ತಿಳಿಸು ಎಂದು ಕೋರ್ಟು ಹೇಳಿತು. ವೇಲಚೇರಿಯ ಹೋಟೆಲು ತನ್ನದಲ್ಲ, ಹೆಂಡತಿ ತವರಿನ ಒಡವೆ ಮಾರಿ ತೆರೆದು ಅವಳೇ ನಡೆಸುತ್ತಿರುವುದು ಎಂದು ಭಾವ ಅಫಿಡವಿಟ್ ಕೊಟ್ಟ. ನಮ್ಮಪ್ಪ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತರಾಗಿದ್ದವರು. ಅವರು ಹಾಕಿದ ಒಡವೆಗೆ ಆ ಹೋಟೆಲಿನ ಗ್ರೈಂಡರೂ ಬರುತ್ತಿರಲಿಲ್ಲ.

ವಕೀಲರ ಕಾಗದಗಳಿಗೆ ಅಕ್ಕ ಸಹಿ ಹಾಕುವಾಗ ನಾನು ಅಲ್ಲಿದ್ದೆ. ಇದೆಲ್ಲ ಎಂತದು ಎಂದು ಕೇಳಿದಳು. ಭಾವ ಮೊಬೈಲಿನಿಂದ ತಲೆಯೆತ್ತಲಿಲ್ಲ.

“ನಿನಗೆ ಹೇಳಿದ್ರೆ ಎಂತ ಗೊತ್ತಾಗ್ತದೆ? ಸೈನ್ ಹಾಕು, ಸಾಕು.”

ಸುಳ್ಳು ಎಂದು ತಿಳಿದರೆ ಏನು ಗತಿ ಎಂದು ನಾನು ಬಾಯಿ ಹಾಕಿದೆ.

“ಹೋಟೆಲು ಯಾರದ್ದು ಅಂತ ನೋಡ್ಲಿಕ್ಕೆ ಜಡ್ಜು ಬಂದು ಇಡ್ಲಿ ಬೇಯಿಸ್ತಾರಾ?” ಎಂದ. ಅಲ್ಲಿದ್ದ ನೆಂಟರು ನಕ್ಕರು. ದುಡ್ಡಿರುವವನ ಮಾತಿಗೆ ನಗುವುದು ನಮ್ಮ ಬಳಗಕ್ಕೆ ಚೆನ್ನಾಗಿ ಬರುತ್ತದೆ.

ಪಾಲುದಾರನ ವಕೀಲರು ಅಕ್ಕನನ್ನೇ ವಿಚಾರಿಸಬೇಕೆಂದು ಹಟ ಹಿಡಿದರು. ಯಾವ ಪ್ರಶ್ನೆಗೆ ಏನು ಹೇಳಬೇಕು ಎಂದು ಭಾವ ಅವಳಿಗೆ ಪಾಠ ಹೇಳಿಕೊಟ್ಟ. ಅಷ್ಟು ಹೊತ್ತು ಅವಳೊಡನೆ ಕುಳಿತು ಮಾತಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಕೋರ್ಟಿನಲ್ಲಿ ನ್ಯಾಯಾಧೀಶೆ ಅವನು ಕಲಿಸದೇ ಇದ್ದದ್ದನ್ನು ಕೇಳಿದರು. ನಿಮ್ಮ ಹೋಟೆಲಿಗೆ ಕೊನೆಯ ಸಲ ಹೋದದ್ದು ಯಾವಾಗ? ಅಕ್ಕ ತಮಿಳಿನಲ್ಲಿ ಉತ್ತರಿಸಿದಳು. ವೇಲಚೇರಿಯಲ್ಲಿ ಮಳೆನೀರು ನುಗ್ಗಿದ ವರ್ಷ ನೋಡಲು ಹೋಗಿದ್ದೆ, ಹೆಂಗಸರಿಗೆ ಇಲ್ಲಿ ಏನು ಕೆಲಸ ಎಂದು ಬಾಗಿಲಿನಿಂದಲೇ ಕಳಿಸಿಬಿಟ್ಟರು ಎಂದಳು.

ಯಾರು ಕಳಿಸಿದ್ದು ಎಂದು ನ್ಯಾಯಾಧೀಶೆ ಕೇಳಿದರು.

“ಇವರೇ. ಓನರು.”

ಆಮೇಲೆ ಭಾವ ಆಡಿದ್ದು ನೋಡುವಂತಿತ್ತು. ಅಫಿಡವಿಟ್ ಬರೆದದ್ದು ಆಡಿಟರು, ತನಗೇನೂ ಗೊತ್ತಿಲ್ಲ ಎಂದ. ಅದು ನಡೆಯದಾಗ ಹೆಂಡತಿಯ ತಲೆ ಸರಿಯಿಲ್ಲ ಎಂದ. ಅದೂ ನಡೆಯದಾಗ ಎರಡೂ ಕೈ ಮುಗಿದು ಕ್ಷಮೆ ಕೇಳಿದ. ಕೋರ್ಟು ಒಪ್ಪಲಿಲ್ಲ. ಅವನ ವಾದವನ್ನು ತಳ್ಳಿಹಾಕಿ ಹೋಟೆಲನ್ನು ಜಪ್ತಿ ಮಾಡಿಸಿತು, ಕೋರ್ಟಿಗೆ ಮೋಸ ಮಾಡಿದ್ದಕ್ಕೆ ಅವನನ್ನು ಕೆಲವು ವಾರ ಪುಳಲ್ ಜೈಲಿಗೆ ಕಳಿಸಿತು.

ಅವತ್ತೇ ನಾನು ಅಕ್ಕನನ್ನು ಪೆರಂಬೂರಿನ ನಮ್ಮ ಮನೆಗೆ ಕರೆತಂದೆ. ನೆಂಟರ ಫೋನು ಬರಲು ತೊಡಗಿತು. ಸುಳ್ಳು ಹೇಳಿದವನನ್ನು ಯಾರೂ ಬೈಯಲಿಲ್ಲ. ಗಂಡನಿಗೋಸ್ಕರ ಒಂದು ಸುಳ್ಳು ಹೇಳಲಾರದೆ ಹೋದೆಯಾ ಎಂದು ಅವಳನ್ನೇ ಕೇಳಿದರು. ನಾನು ಫೋನು ಕಿತ್ತುಕೊಂಡು, ಮುಂದಿನ ಸಲ ನೀವೇ ಬಂದು ಕಟಕಟೆ ಹತ್ತಿ ಎಂದೆ.

ಹೋಟೆಲು ಹರಾಜಾಯಿತು. ಜೈಲಿನಿಂದ ಬಂದ ಭಾವ ಈಗ ತನ್ನ ತಮ್ಮನ ಹೋಟೆಲಿನ ಗಲ್ಲಾದ ಪಕ್ಕ ಕುಳಿತು, ಕಾಫಿಗೆ ಬಂದವರಿಗೆಲ್ಲ ಹೆಂಡತಿ ಮಾಡಿದ ದ್ರೋಹವನ್ನು ಬಣ್ಣಿಸುತ್ತಾನಂತೆ. ಕೇಳಿ ತಲೆದೂಗುವವರೂ ಇದ್ದಾರೆ. ಮೊನ್ನೆ ಅಕ್ಕನಿಗೆ ಫೋನು ಮಾಡಿ, ಆದದ್ದು ಆಯ್ತು, ಮನೆಗೆ ಬಾ ಎಂದ. ಯೋಚನೆ ಮಾಡಿ ಹೇಳ್ತೇನೆ ಎಂದು ಅಕ್ಕ ಫೋನಿಟ್ಟಳು. ಆಮೇಲೆ ಸಂಜೆಯ ತಿಂಡಿಗೆ ಏನು ಮಾಡಲಿ ಎಂದು ನನ್ನನ್ನು ಕೇಳಿದಳು.